ಖಾಲಿ ಬೀಚು ಖಾಲಿಯಾಗಿದ್ದು ಹೇಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಾ ಇರೋರಿಗೆ, ರಾತ್ರಿ ದೀಪ ಆರಿಸಿ ಮಲ್ಕೊಂಡು ಕೇಳ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಮಾತು ಸಮುದ್ರದ್ದು. ಚಾಮರಾಜನಗರ ಜಿಲ್ಲೆಯವನು ಸಮುದ್ರದ ಬಗ್ಗೆ ಏನು ಮಾತಾಡ್ತಾನೆ ಅಂತ ನಗಬೇಡಿ. ನಮಗೂ ಒಂದು ಸಮುದ್ರ ಇದೆ, ಸ್ವಲ್ಪ ದೂರದಲ್ಲಿದೆ, ಅಷ್ಟೇ.

ಶ್ರಾವಣದ ಒಂದು ಬೆಳಿಗ್ಗೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯ್ತಾ ಇದ್ದೆ. ಜೊತೆಗಿದ್ದ ಚಿಕ್ಕಪ್ಪನ ಮಗ ಫೋನಲ್ಲಿ ಒಂದು ರೀಲ್ ತೋರಿಸಿದ. ಮೆಡಿಟರೇನಿಯನ್ ತೀರದ ಯಾವುದೋ ಬೀಚು. ನೀಲಿ ನೀರು, ಕಣ್ಣು ಹಾಯುವಷ್ಟು ಉದ್ದ ಮರಳು.

"ಅಣ್ಣ, ನೋಡಿಲ್ಲಿ. ಒಂದು ನರಪಿಳ್ಳೆ ಇಲ್ಲ. ನಮ್ ಕಡೆನೂ ಹಿಂಗೊಂದು ಜಾಗ ಇದ್ದಿದ್ರ ಎಷ್ಟು ಚೆಂದಾಗಿರದು!"

ಅವನು ಹಾಗಂದ ಸ್ವಲ್ಪ ಹೊತ್ತಿಗೆ ಕೇರಳ ನೋಂದಣಿಯ ಒಂದು ಕಾರು ಬಂದು ನಿಂತಿತು. ಒಳಗಿದ್ದವರು ಕಿಟಕಿ ಇಳಿಸಿ ಕೇಳಿದ್ರು, ಚೆಂಡುಹೂವಿನ ಹೊಲಗಳು ಎಲ್ಲಿ ಅಂತ. ಅವರ ಫೋನಲ್ಲೂ ಒಂದು ರೀಲ್ ಓಡ್ತಾ ಇತ್ತು. ಅದರಲ್ಲಿ ಇದ್ದದ್ದು ನಮ್ಮೂರು.

ಗುಂಡ್ಲುಪೇಟೆ ಸುತ್ತಮುತ್ತಲಿನವರಿಗೆ ಇದು ಹೊಸದಲ್ಲ. ಓಣಂ ಹತ್ತಿರ ಬಂದಾಗ ಚೆಂಡುಹೂವು, ಸೂರ್ಯಕಾಂತಿ ಹೊಲಗಳ ಪಕ್ಕ ಕಾರುಗಳ ಸಾಲು ನಿಲ್ಲುತ್ತೆ. ಫೋಟೊ ತೆಗೆಸಿಕೊಳ್ಳೋಕೆ ಕೆಲವು ರೈತರು ದುಡ್ಡೂ ತಗೋತಾರೆ. ಬಂದವರಿಗೆ ಅದು ಪ್ರಕೃತಿ, ಸ್ವರ್ಗ. ನಮಗೆ ಗೊತ್ತು, ಆ ಚೆಂಡುಹೂವಿನಲ್ಲಿ ಬಹುಪಾಲು ಬಣ್ಣ ತೆಗೆಯೋ ಕಾರ್ಖಾನೆಗೆ ಹೋಗೋ ಬೆಳೆ. ಅದರ ಹಿಂದೆ ಬೋರ್‌ವೆಲ್ಲು, ಸಾಲ, ಕೂಲಿ, ಬೆನ್ನುನೋವು ಎಲ್ಲಾ ಇದೆ.

ಆ ಎರಡು ರೀಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ಪ್ರಶ್ನೆ ಹುಟ್ಟಿತು. ನಾವು ಹೊಲ ಅನ್ನೋದು ಅವರಿಗೆ ನೋಟ ಆಗೋದಾದ್ರೆ, ನಾವು ಖಾಲಿ ಬೀಚು ಅಂತ ನೋಡೋದು ಇನ್ಯಾರಿಗೆ ಏನು? ಅದು ಮೊದಲಿಂದಲೂ ಖಾಲಿ ಇತ್ತಾ? ಹಾಳಾಗದೆ ಉಳಿದದ್ದು ತಾನಾಗೇ ಉಳೀತಾ, ಯಾರಾದರೂ ಉಳಿಸಿದ್ರಾ?

ಆ ರೀಲಿನ ಬೀಚಿನ ಹೆಸರು ಪಟಾರಾ. ಟರ್ಕಿ ದೇಶದ ನೈಋತ್ಯ ತೀರದಲ್ಲಿದೆ. ಸುಮಾರು 18 ಕಿಲೋಮೀಟರ್ ಉದ್ದದ ಮರಳು. ದಡದ ಮೇಲೆ ಒಂದೂ ಹೋಟೆಲ್ ಕಟ್ಟಡ ಇಲ್ಲ. ಉಳಿದುಕೊಳ್ಳೋಕೆ ಒಳಗಡೆ ಗೆಲೆಮಿಶ್ ಅನ್ನೋ ಸಣ್ಣ ಹಳ್ಳಿಗೇ ಹೋಗಬೇಕು.

ಈ ಪಟಾರಾ ಎರಡು ಸಾವಿರ ವರ್ಷದ ಹಿಂದೆ ಗಿಜಿಗುಡೋ ಬಂದರು. ಲೈಸಿಯಾ ಅನ್ನೋ ಸೀಮೆಯ ಊರುಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡ್ಕೊಂಡಿದ್ವು. ದೊಡ್ಡ ಊರಿಗೆ 3 ಮತ, ಮಧ್ಯಮ ಊರಿಗೆ 2, ಸಣ್ಣ ಊರಿಗೆ 1. ಪಟಾರಾಗೆ 3 ಮತ ಇತ್ತು. ಒಕ್ಕೂಟದ ಸಭೆ ಸೇರ್ತಿದ್ದ ಕಟ್ಟಡ ಇವತ್ತಿಗೂ ಅಲ್ಲಿದೆ. ರೋಮ್ ಚಕ್ರವರ್ತಿ ನೀರೋ ಕಾಲದ ಒಂದು ದೀಪಸ್ತಂಭ ಇದೆ. ಬೈಬಲ್ಲಿನ ಸಂತ ಪೌಲ ಹಡಗು ಬದಲಾಯಿಸಿದ್ದು ಇದೇ ಬಂದರಿನಲ್ಲಿ. ಕ್ರಿಸ್‌ಮಸ್ ತಾತನ ಕಥೆಗೆ ಮೂಲವಾದ ಸಂತ ನಿಕೊಲಸ್ ಹುಟ್ಟಿದ್ದೂ ಇಲ್ಲೇ ಅನ್ನೋ ನಂಬಿಕೆ ಇದೆ.

ಆಮೇಲೆ ಏನಾಯ್ತು? ಮರಳು ಬಂತು. ಪಕ್ಕದ ನದಿ ತಂದ ಹೂಳು, ಗಾಳಿ ತಂದ ಮರಳು, ಎರಡೂ ಸೇರಿ ಬಂದರಿನ ಬಾಯಿ ಮುಚ್ಚಿದ್ವು. ಹಡಗು ನಿಲ್ತಿದ್ದ ಜಾಗ ಜೌಗು ಆಯ್ತು. ಸಾವಿರಾರು ಜನ ಕೂತು ನಾಟಕ ನೋಡ್ತಿದ್ದ ರಂಗಮಂದಿರದೊಳಕ್ಕೂ ಮರಳು ತುಂಬಿಕೊಳ್ತು. ಉತ್ಖನನ ಮಾಡಿ ಅದನ್ನ ಹೊರಗೆ ತೆಗೆಯಬೇಕಾಯ್ತು. ರೀಲಿನಲ್ಲಿ ನಾವು ನೋಡಿದ ಆ ಚೆಂದದ ಮರಳು ಇದೆಯಲ್ಲ, ಒಂದು ಊರನ್ನು ಮುಗಿಸಿದ್ದೇ ಅದು.

ಇದನ್ನು ಓದಿದ ಮೇಲೆ ನಮ್ಮ ಕಡೆಯ ಸಮುದ್ರದ ಕಥೆ ಹುಡುಕೋಕೆ ಹೊರಟೆ. ಶುರು ಮಾಡಿದ್ದು ನಮ್ಮ ನೆಲದಿಂದಲೇ.

ಎರಡನೇ ಶತಮಾನದಲ್ಲಿ, ಮೆಡಿಟರೇನಿಯನ್ ದಡದ ಅಲೆಕ್ಸಾಂಡ್ರಿಯಾದಲ್ಲಿ ಟಾಲೆಮಿ ಅನ್ನೋ ವಿದ್ವಾಂಸ ಇದ್ದ. ಗೊತ್ತಿರೋ ಪ್ರಪಂಚದ ಊರುಗಳನ್ನೆಲ್ಲ ಪಟ್ಟಿ ಮಾಡಿ ಒಂದು ಭೂಗೋಳ ಬರೆದ. ಅದರಲ್ಲಿ ದಕ್ಷಿಣ ಭಾರತದ ಒಳನಾಡಿನ ಒಂದು ಹೆಸರು 'ಪೌನ್ನಾಟ'. ಅಲ್ಲಿ ಬೆರಿಲ್ ಅನ್ನೋ ಹರಳು ಸಿಗುತ್ತೆ ಅಂತಾನೂ ಸೇರಿಸಿದ. ಇದು ನಮ್ಮ ಪುನ್ನಾಟವೇ ಅಂತ ಬಹಳ ಇತಿಹಾಸಕಾರರು ಗುರುತಿಸ್ತಾರೆ. ಪುನ್ನಾಟದ ರಾಜಧಾನಿ ಕಿತ್ತಿಪುರ, ಅಂದ್ರೆ ಎಚ್.ಡಿ. ಕೋಟೆ ಕಡೆಯ ಕಪಿಲಾ ದಡದ ಕಿತ್ತೂರು. ಬಂಡೀಪುರದ ಕಾಡಿನ ಆ ಮಗ್ಗುಲು.

ಆ ಹರಳಿನ ಹೆಸರಿನ ಪ್ರಯಾಣ ಇನ್ನೂ ಮಜಾ. ಗ್ರೀಕರ 'ಬೆರಿಲ್ಲೋಸ್' ಬಂದಿದ್ದು ಪ್ರಾಕೃತದ 'ವೇಳುರಿಯ' ಅನ್ನೋ ಪದದಿಂದ. ನಮ್ಮ 'ವೈಡೂರ್ಯ' ಅದರ ಹತ್ತಿರದ ನೆಂಟ. ಜರ್ಮನರು ಕನ್ನಡಕಕ್ಕೆ 'ಬ್ರಿಲ್ಲೆ' ಅಂತಾರಲ್ಲ, ಅದರ ಬೇರೂ ಇದೇ. ರೋಮಿನ ಪ್ಲಿನಿ, ಬೆರಿಲ್ ಭಾರತ ಬಿಟ್ಟರೆ ಬೇರೆ ಕಡೆ ಸಿಗೋದು ಅಪರೂಪ ಅಂತ ಬರೆದಿಟ್ಟಿದ್ದಾನೆ.

ಒಳನಾಡಿನ ಸರಕು ಹಡಗು ಹತ್ತಬೇಕಾದ್ರೆ ಪಶ್ಚಿಮಕ್ಕೆ ಘಟ್ಟ ಇಳೀಬೇಕು. ಆ ಕಾಲದ ದೊಡ್ಡ ಬಂದರು ಕೇರಳದ ಮುಜಿರಿಸ್. ವಿಯೆನ್ನಾದಲ್ಲಿ ಒಂದು ಪಪೈರಸ್ ಹಾಳೆ ಇದೆ, ಎರಡನೇ ಶತಮಾನದ್ದು. ಒಂದು ಬದಿಯಲ್ಲಿ ಮುಜಿರಿಸ್ ವ್ಯಾಪಾರಕ್ಕೆ ಸಂಬಂಧಿಸಿದ ಸಾಲದ ಕರಾರು, ಇನ್ನೊಂದು ಬದಿಯಲ್ಲಿ 'ಹರ್ಮಪೊಲ್ಲೊನ್' ಅನ್ನೋ ಹಡಗು ತಂದ ಸರಕಿನ ಲೆಕ್ಕ. ಆನೆ ದಂತವೂ ಆ ಲೆಕ್ಕದಲ್ಲಿದೆ. ಅಷ್ಟು ದೊಡ್ಡ ಬಂದರು ಎಲ್ಲಿತ್ತು ಅಂತ ಇವತ್ತು ನೆಲ ಅಗೆದು ಹುಡುಕಬೇಕಾಗಿದೆ. ಪೆರಿಯಾರ್ ನದಿ ಹತ್ತಿರದ ಪಟ್ಟಣಂ ಅನ್ನೋ ಹಳ್ಳಿಯಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ರೋಮನ್ ಕಾಲದ ಮಡಕೆ ಚೂರು, ಮಣಿಗಳು ಸಿಕ್ಕಿವೆ. ಆ ಹಳ್ಳಿಯೇ ಮುಜಿರಿಸ್ ಅಂತ ಅನೇಕರು ಹೇಳ್ತಾರೆ.

ಈಗ ನಮ್ಮ ದಾರಿಗೆ ಬರೋಣ. ಗುಂಡ್ಲುಪೇಟೆಗೆ ಅತಿ ಹತ್ತಿರದ ಕಡಲು ಕೋಳಿಕ್ಕೋಡಿನದು. ಹೆಚ್ಚೂಕಡಿಮೆ 150 ಕಿಲೋಮೀಟರ್. ಒಂದು ಮಂಗಳವಾರ ನಾನೂ ಚಿಕ್ಕಪ್ಪನ ಮಗನೂ ಬೈಕಲ್ಲಿ ಹೊರಟ್ವಿ. ಮದ್ದೂರು ಚೆಕ್‌ಪೋಸ್ಟ್ ಹತ್ತಿರ ಬೆಳಿಗ್ಗೆ 6 ಗಂಟೆಗೆ ಮುಂಚೆಯೇ ಸಾಲು ನಿಂತಿತ್ತು. ಎಲೆಕೋಸು, ಟೊಮೆಟೊ, ಬೀನ್ಸ್ ತುಂಬಿದ ಲಾರಿಗಳು. ಗೇಟು ತೆಗೆದ ಮೇಲೆ ಕಾಡು ದಾಟಿ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ, ತಾಮರಶ್ಶೇರಿ ಘಾಟಿ. ಬತ್ತೇರಿಯ ಹಳೇ ಹೆಸರು ಗಣಪತಿವಟ್ಟಂ. ಟಿಪ್ಪು ಅಲ್ಲಿನ ಜೈನ ಬಸದಿಯಲ್ಲಿ ಮದ್ದುಗುಂಡು ಇಟ್ಟಿದ್ದರಿಂದ 'ಸುಲ್ತಾನನ ಬ್ಯಾಟರಿ' ಅನ್ನೋದು ಬತ್ತೇರಿ ಆಯ್ತು. ಮೈಸೂರಿನ ಸೈನ್ಯ ಮಲಬಾರಿಗೆ ಇಳಿದ ಸೀಮೆಯಲ್ಲೇ ಇವತ್ತು ನಮ್ಮ ಎಲೆಕೋಸು ಇಳಿಯುತ್ತೆ.

ಕೋಳಿಕ್ಕೋಡು ದಾಟಿ ಉತ್ತರಕ್ಕೆ ಹೋದರೆ ಕಾಪ್ಪಾಡ್. ನಾವು ಹೋದ ದಿನ ಜನ ಕಮ್ಮಿ. ಕಪ್ಪು ಬಂಡೆಗೆ ಅಲೆ ಬಡಿಯೋ ಸದ್ದು, ಒಂದೆರಡು ದೋಣಿ, ಗಾಳಿಮರಗಳ ನೆರಳು. 2020ರಲ್ಲಿ ಸ್ವಚ್ಛತೆಗೆ ಕೊಡೋ 'ಬ್ಲೂ ಫ್ಲ್ಯಾಗ್' ಈ ಬೀಚಿಗೂ ಸಿಕ್ಕಿದೆ. ಹತ್ತಿರದಲ್ಲಿ ಒಂದು ಸಣ್ಣ ಕಲ್ಲು ನೆಟ್ಟಿದ್ದಾರೆ, 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದ ಅಂತ.

ಆ ದಿನಗಳ ಒಂದು ಘಟನೆ ಕೇಳಿ. ಗಾಮ ತಾನು ಇಳಿಯೋಕೆ ಮೊದಲು ತನ್ನ ಕಡೆಯ ಒಬ್ಬ ಅಪರಾಧಿಯನ್ನು ದಡಕ್ಕೆ ಕಳಿಸಿದ. ಸತ್ತರೆ ಅವನೇ ಸಾಯಲಿ ಅಂತ. ಕೋಳಿಕ್ಕೋಡಿನ ಜನ ಆ ಮನುಷ್ಯನನ್ನು ಇಬ್ಬರು ವ್ಯಾಪಾರಿಗಳ ಹತ್ತಿರ ಕರಕೊಂಡು ಹೋದ್ರು. ಆ ಇಬ್ಬರೂ ಟ್ಯುನಿಸ್ ಊರಿನವರು, ಅಂದ್ರೆ ಮೆಡಿಟರೇನಿಯನ್ ದಡದವರು. ಸ್ಪೇನಿನ ಭಾಷೆ, ಇಟಲಿಯ ಜಿನೋವಾದ ಭಾಷೆ ಎರಡೂ ಬಲ್ಲವರು. ಇಷ್ಟು ದೂರ ಯಾಕಪ್ಪ ಬಂದೆ ಅಂತ ಬೈಗುಳ ಸೇರಿಸಿ ಕೇಳಿದ್ರಂತೆ. ಹೊಸ ಲೋಕ ಕಂಡುಹಿಡಿದೆ ಅಂತ ಬಂದವನಿಗೆ ಮೊದಲು ಸಿಕ್ಕಿದ್ದು ಅವನ ಭಾಷೆ ಬಲ್ಲವರು! ಯಾರೂ ಕಾಲಿಡದ ದಡ ಅನ್ನೋದು ಅವತ್ತೂ ಇರಲಿಲ್ಲ.

ಈಗ ನಮ್ಮ ರಾಜ್ಯದ ಕರಾವಳಿಗೆ, ಉತ್ತರ ಕನ್ನಡಕ್ಕೆ ಹೋಗೋಣ. ಹೊನ್ನಾವರದ ಹತ್ತಿರ, ಶರಾವತಿ ಅಳಿವೆಯ ದಕ್ಷಿಣ ದಡದಲ್ಲಿ ಕಾಸರಕೋಡು ಇದೆ. ಕೇರಳದ ಕಾಸರಗೋಡು ಅಲ್ಲ, ಇದು ಬೇರೆ. 2020ರಲ್ಲಿ ಕರ್ನಾಟಕದ ಎರಡು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಬಂತು. ಒಂದು ಪಡುಬಿದ್ರಿ, ಇನ್ನೊಂದು ಇದು. ಗಾಳಿಮರದ ತೋಪು, ಉದ್ದ ಮರಳು. ಹೆಚ್ಚು ಗದ್ದಲ ಇಲ್ಲದ ಬೀಚು ಎಲ್ಲಿದೆ ಅಂತ ಕೇಳಿದವರಿಗೆ ನಾನೇ ಇದರ ಹೆಸರು ಹೇಳಿದ್ದೀನಿ.

14ನೇ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಮೆಡಿಟರೇನಿಯನ್ ಅಟ್ಲಾಂಟಿಕ್ಕಿಗೆ ಸೇರೋ ಜಾಗದ ಟ್ಯಾಂಜಿಯರ್ ಊರಿನವನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ. ಅರ್ಧ ಲೋಕ ಸುತ್ತಿದವನು, ಇಂಥದ್ದನ್ನ ಬೇರೆಲ್ಲೂ ಕಾಣಲಿಲ್ಲ ಅಂತಾನೆ. ಅದಾಗಿ ಇನ್ನೂರು ವರ್ಷಕ್ಕೆ ಶರಾವತಿಯ ಮೇಲ್ಭಾಗದ ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ ಆಳಿದಳು. ಪೋರ್ಚುಗೀಸರು ಅವಳನ್ನು ಕರೆದದ್ದು 'ಕಾಳುಮೆಣಸಿನ ರಾಣಿ' ಅಂತ. ಮೆಣಸು ಹೊಳೆಯಲ್ಲಿ ತೇಲಿಬಂದು ಅಳಿವೆಯಲ್ಲಿ ಹಡಗು ಹತ್ತುತ್ತಿತ್ತು. ಇವತ್ತು ಗೇರುಸೊಪ್ಪೆಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ, ಸುತ್ತಲಿದ್ದ ಪೇಟೆ ಇಲ್ಲ. ಅಳಿವೆಯಲ್ಲಿ ಮರಳಿನ ದಿಬ್ಬ. ಮೀನುಗಾರರ ದೋಣಿಗಳಿಗೂ ಅದು ಗಂಡಾಂತರ. ಪಟಾರಾದ ಕಥೆಯೇ ಇನ್ನೊಂದು ರೂಪದಲ್ಲಿ.

ನಮ್ಮ ಕಡೆ ತೆರಕಣಾಂಬಿ ಇದೆಯಲ್ಲ, ಒಂದು ಕಾಲಕ್ಕೆ ಒಂದು ಸೀಮೆಗೇ ಹೆಸರು ಕೊಟ್ಟ ಊರು. ಈಗ ಚಾಮರಾಜನಗರಕ್ಕೆ ಹೋಗೋ ಬಸ್ಸು ಅಲ್ಲಿ ಎರಡು ನಿಮಿಷ ನಿಂತು ಹೊರಡುತ್ತೆ. ಹಳೇ ದೇವಸ್ಥಾನದ ಗೋಡೆ ನೋಡಿದಾಗ ಮಾತ್ರ ಇಲ್ಲಿ ಏನೋ ದೊಡ್ಡದಿತ್ತು ಅನ್ಸುತ್ತೆ. ದಾರಿ ಬದಲಾದ್ರೆ ಊರು ಸುಮ್ಮನಾಗುತ್ತೆ. ಹೊಳೆ ಬಾಯಿ ಮುಚ್ಚಿದ್ರೆ ಬಂದರು ಸುಮ್ಮನಾಗುತ್ತೆ.

ಆದರೆ ಇದು ಅರ್ಧ ಕಥೆ ಅಷ್ಟೇ. ಹಳೇ ಗದ್ದಲ ನಿಂತ ಮಾತ್ರಕ್ಕೆ ಜಾಗ ನಿಶ್ಶಬ್ದವಾಗಿ ಉಳಿಯಲ್ಲ. ಸ್ಪೇನಿನ ಮೆಡಿಟರೇನಿಯನ್ ತೀರದಲ್ಲಿ ಬೆನಿಡೊರ್ಮ್ ಅಂತ ಒಂದು ಊರಿದೆ. 1950ರ ದಶಕದವರೆಗೂ ಮೀನುಗಾರರ ಸಣ್ಣ ಊರು. ಇವತ್ತು ದಡದುದ್ದಕ್ಕೂ ಗಗನಚುಂಬಿ ಹೋಟೆಲುಗಳು. ಪಟಾರಾದಲ್ಲಿ ಹಾಗಾಗಲಿಲ್ಲ, ಯಾಕೆ? ಯಾಕಂದ್ರೆ ಅಲ್ಲಿ ಒಂದು ಬಾಗಿಲು ಹಾಕಿದ್ರು. ಅದು ಪುರಾತತ್ವ ಪ್ರದೇಶ, ಜೊತೆಗೆ ಸಂರಕ್ಷಿತ ಪರಿಸರ ವಲಯ, ದಡದ ಮೇಲೆ ಕಟ್ಟೋ ಹಾಗಿಲ್ಲ. ಇನ್ನೊಂದು ನಿಯಮ ಕೇಳಿ ನನಗೆ ನಗು ಬಂತು. ಆ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಅದಕ್ಕೇ ಮೊಟ್ಟೆ ಇಡೋ ಕಾಲದಲ್ಲಿ ರಾತ್ರಿ ಹೊತ್ತು ಬೀಚು ಬಂದ್.

ಯಾಕೆ ನಗು ಬಂತು ಗೊತ್ತಾಯ್ತಲ್ಲ? ರಾತ್ರಿ ಬಂದ್ ಅಂದ್ರೆ ಏನು ಅಂತ ಗುಂಡ್ಲುಪೇಟೆಯವನಿಗೆ ಹೇಳಿಕೊಡಬೇಕಾ! 2009ರಿಂದ ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಇದೆ. ಆಂಬುಲೆನ್ಸಿಗೆ, ಕೆಲವು ಬಸ್ಸುಗಳಿಗೆ ಮಾತ್ರ ವಿನಾಯಿತಿ. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಗೋಪಾಲಸ್ವಾಮಿ ಬೆಟ್ಟಕ್ಕೂ ಸ್ವಂತ ಗಾಡಿ ಹತ್ತಿಸೋ ಹಾಗಿಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಲ್ಲೇ ಹೋಗಬೇಕು.

ನಾನೇ ಎಷ್ಟು ಸಲ ಗೊಣಗಿದ್ದೀನಿ. ತರಕಾರಿ ಬೆಳೆದವನಿಗೆ ಒಂದು ರಾತ್ರಿ ಅಂದ್ರೆ ಬಾಡಿದ ಸೊಪ್ಪು, ಕಮ್ಮಿ ರೇಟು. ಆದರೂ ಬೆಳಿಗ್ಗೆ ಆ ರಸ್ತೆಯಲ್ಲಿ ಹೋಗುವಾಗ ಜಿಂಕೆ ಹಿಂಡು ರಸ್ತೆ ಪಕ್ಕವೇ ಮೇಯ್ತಾ ಇರೋದನ್ನ ನೋಡಿ, ಎಷ್ಟು ಪ್ರಶಾಂತ ಅಂತ ಸ್ಟೇಟಸ್ ಹಾಕಿದ್ದೂ ನಾನೇ.

ಅಂದ್ರೆ ನಿಶ್ಶಬ್ದಕ್ಕೆ ಬೆಲೆ ಇದೆ, ಅದನ್ನು ಯಾರೋ ಕೊಡ್ತಾರೆ. ಕೆಲವರು ಒಂದು ರಾತ್ರಿಯ ವ್ಯಾಪಾರ ಕೊಡ್ತಾರೆ. ಇನ್ನು ಕೆಲವರು ಮನೆಯನ್ನೇ ಕೊಟ್ಟಿದ್ದಾರೆ. ನಮ್ಮ ಜಿಲ್ಲೆಯ ಕಾಡುಗಳನ್ನ 'ಮನುಷ್ಯ ಮುಟ್ಟದ ಕಾಡು' ಅಂತ ಬರೀತಾರೆ. ಅಲ್ಲಿ ಸೋಲಿಗರು, ಜೇನುಕುರುಬರು ತಲೆಮಾರುಗಳಿಂದ ಬದುಕಿದವರು. ಕಾಡನ್ನು ಉಳಿಸೋ ಹೆಸರಲ್ಲಿ ಅನೇಕ ಹಾಡಿ, ಪೋಡುಗಳನ್ನು ಹೊರಗೆ ತಂದ್ರು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಕಾಡು ಉಳಿಯೋದಕ್ಕೂ ಜನ ಅಲ್ಲಿರೋದಕ್ಕೂ ಜಗಳವೇ ಇರಬೇಕಿಲ್ಲ ಅನ್ನೋದನ್ನ ಕಾನೂನು ಒಪ್ಪಿಕೊಂಡ ಗಳಿಗೆ ಅದು.

ಕಾಸರಕೋಡಿನ ದಡವೂ ಹಾಗೇ. ಪ್ರವಾಸಿ ಬೀಚಿನಿಂದ ಸ್ವಲ್ಪ ಮುಂದೆ ಹೋದರೆ ಟೊಂಕ. ಮೀನುಗಾರರ ಕೇರಿ. ಮರಳಿನ ಮೇಲೆ ಹೆಂಗಸರು ಮೀನು ಒಣಗಿಸ್ತಾರೆ. ಕ್ಯಾಮೆರಾಕ್ಕೆ ಖಾಲಿ ಮರಳು, ಅವರಿಗೆ ಅದು ಅಂಗಳ, ಕಣ. ಅಲ್ಲಿ ಹೊಸದಾಗಿ ಬಂದರು ಕಟ್ಟೋ ಯೋಜನೆ ಬಂದಾಗ ಆ ಜನ ವರ್ಷಗಟ್ಟಲೆ ಹೋರಾಟ ಮಾಡಿದ್ದಾರೆ. ಅದೇ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಡುತ್ತೆ ಅನ್ನೋದೂ ಅವರ ವಾದದ ಭಾಗ. ಬಂದರು ಬೇಕು ಅನ್ನೋರಿಗೂ ಅವರ ಕಾರಣಗಳಿವೆ, ಕೆಲಸ, ವ್ಯಾಪಾರ. ಆದರೆ ನಮ್ಮ ರೀಲಿನಲ್ಲಿ ಈ ಜಗಳದ ಒಂದು ಫ್ರೇಮೂ ಬರಲ್ಲ. 'ಹಾಳಾಗದ ಬೀಚು' ಅಂತ ಕ್ಯಾಪ್ಷನ್ ಹಾಕ್ತೀವಿ, ಹಾಳಾಗದ ಹಾಗೆ ಕಾಯ್ತಿರೋರನ್ನ ಫ್ರೇಮಿನಿಂದ ಆಚೆ ಇಡ್ತೀವಿ.

ಇದನ್ನ ಬರೆಯುವಾಗ ನನ್ನ ಅಜ್ಜಿ ನೆನಪಾದಳು. ಜೀವನದಲ್ಲಿ ಸಮುದ್ರ ನೋಡಿದವಳಲ್ಲ. ಸಂತೆಯಲ್ಲಿ ಒಣಮೀನು ಆರಿಸುವಾಗ ಒಂದು ಮೀನು ಮೂಗಿಗೆ ಹಿಡಿದು ಹೇಳ್ತಿದ್ದಳು: "ಕಡ್ಲು ಅಂದ್ರ ಇದೇ ಕನ ಮಗ. ಉಪ್ಪು, ಬಿಸ್ಲು, ಯಾರ್ದೋ ಕೈ." ಆಗ ನನಗೆ ಆ ವಾಸನೆ ಅಂದ್ರೆ ಆಗ್ತಿರಲಿಲ್ಲ, ದೂರ ಓಡ್ತಿದ್ದೆ. ಸಮುದ್ರ ಅಂದ್ರೆ ಯಾರದೋ ಕೆಲಸ ಅನ್ನೋದು ಅವಳಿಗೆ ಮೂಗಿನಿಂದಲೇ ಗೊತ್ತಿತ್ತು.

ಬೀಚಿಗೆ ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಹೋಗಿ. ಕಾಪ್ಪಾಡಿಗೆ ಹೋಗಿ, ಕಾಸರಕೋಡಿಗೆ ಹೋಗಿ, ದುಡ್ಡು ಕೂಡಿದ್ರೆ ಪಟಾರಾಗೂ ಹೋಗಿ. ರಜೆ ದಿನ ಬಿಟ್ಟು ವಾರದ ಮಧ್ಯ ಹೋಗಿ. ಮಳೆಗಾಲದಲ್ಲಿ ನಮ್ಮ ಅರಬ್ಬೀ ಕಡಲಿಗೆ ಇಳಿಯಬೇಡಿ, ದಡದಲ್ಲೇ ನಿಂತು ನೋಡಿ. ಹೋದಾಗ ಅಲ್ಲಿನವರನ್ನ ಮೂರು ಪ್ರಶ್ನೆ ಕೇಳಿ. ಇಲ್ಲಿ ಮೊದಲು ಏನಿತ್ತು? ಈಗ ಇಲ್ಲಿ ಯಾರು ಕೆಲಸ ಮಾಡ್ತಾರೆ? ಗೇಟು ಹಾಕೋದು ಎಷ್ಟು ಗಂಟೆಗೆ, ಯಾಕೆ? ಉತ್ತರ ಕೇಳೋಷ್ಟು ಹೊತ್ತು ಫೋನು ಜೇಬಿನಲ್ಲಿರಲಿ.

ನಾವು ಕಾಪ್ಪಾಡಿನಲ್ಲಿ ಜಾಸ್ತಿ ಹೊತ್ತು ಕೂರೋಕೆ ಆಗಲಿಲ್ಲ. ಮಧ್ಯಾಹ್ನ ಊಟ ಮುಗಿಸಿದ ಕೂಡಲೇ ಚಿಕ್ಕಪ್ಪನ ಮಗ ಗಡಿಯಾರ ನೋಡಿದ. "ಅಣ್ಣ, ಏಳು. ಒಂಬತ್ತರೊಳಗ ಕಾಡು ದಾಟ್ಬೇಕು." ಬೈದುಕೊಂಡೇ ಎದ್ದೆ. ಘಾಟಿ ಹತ್ತಿ, ಬತ್ತೇರಿ ದಾಟಿ, ಮುತ್ತಂಗದಿಂದ ಕಾಡಿಗೆ ಬಂದಾಗ ಎಂಟೂವರೆ. ಮದ್ದೂರು ಚೆಕ್‌ಪೋಸ್ಟ್ ದಾಟಿ ಟೀ ಕುಡಿಯೋಕೆ ನಿಂತ್ವಿ. ಹಿಂದೆ ಗೇಟು ಬಿತ್ತು. ಸ್ವಲ್ಪ ಹೊತ್ತಿಗೆ ರಸ್ತೆಯ ಸದ್ದು ಪೂರ್ತಿ ನಿಂತು, ಕಾಡಿನ ಕಡೆಯಿಂದ ಜೀರುಂಡೆ ಸದ್ದು ಶುರುವಾಯ್ತು.

ನಿಮ್ಮೂರಲ್ಲೂ ಈಗ ಸುಮ್ಮನಿರೋ, ಹಿಂದೆ ಗಿಜಿಗುಡ್ತಿದ್ದ ಒಂದು ಜಾಗ ಇರುತ್ತೆ. ಹಳೇ ಸಂತೆಮಾಳ, ಮುಚ್ಚಿದ ರೇಷ್ಮೆ ಫ್ಯಾಕ್ಟರಿ, ದಾರಿ ತಪ್ಪಿದ ಹೆದ್ದಾರಿ ಊರು, ಏನಾದರೂ. ಅಲ್ಲಿನ ಹಿರಿಯರನ್ನ ಮಾತಾಡಿಸಿ, ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಅಲ್ಲಿವರೆಗೂ, ನಮಸ್ಕಾರ.